ಮುಚ್ಚಳ ತೆಗೆದದ್ದು ಯಾರು: ಏಳು ನಿಮಿಷದ ಒಂದು ಮಾತಿನ ಪ್ರಕರಣ

ನಾವು ಮೂವರು ಗೆಳೆಯರು ಸೇರಿ ಮಂಗಳೂರಿನಲ್ಲಿ ತಿಂಗಳಿಗೊಂದು ಸಂಜೆ ಒಂದು ಕೂಟ ನಡೆಸುತ್ತೇವೆ. ಕದ್ರಿ ಕಡೆಯ ಒಂದು ಮನೆಯ ಮಹಡಿ, ಮೇಲೆ ಶೀಟು, ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕ್. ಚಿತ್ರ ಬರೆಯುವವರು, ಕಥೆ ಬರೆಯುವವರು, ನಾಟಕದವರು, ಹಾಡುವವರು ಬಂದು ಏಳೇಳು ನಿಮಿಷ ಮಾತಾಡುತ್ತಾರೆ. ವಿಷಯ ಯಾವಾಗಲೂ ಒಂದೇ: ಮಾಡಲು ಹೊರಟು ಆಗದೇ ಹೋದ ಕೆಲಸ. ಮಾತಿಗೆ ತಯಾರಿ ಮಾಡಿಸುವುದು ನನ್ನ ಪಾಲಿನ ಕೆಲಸ.

ಅಂಥ ಒಂದು ಮಾತು ಹೇಗೆ ತಯಾರಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾತಾಡಿದವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಬದಲು ಅಕ್ಕ ಅಂತಲೇ ಬರೆಯುತ್ತೇನೆ, ನಾನು ಅವರನ್ನು ಕರೆಯುವುದೂ ಹಾಗೆಯೇ. ಈ ತಯಾರಿಯಲ್ಲಿ ನಾನು ಎರಡು ತಪ್ಪು ಮಾಡಿದೆ. ಬೇರೆಯವರ ಮಾತಿಗೆ ನೆರವಾಗುವವರು ಅದನ್ನು ಮತ್ತೆ ಮಾಡಬಾರದು ಎಂಬ ಆಸೆಯೂ ಇದರ ಹಿಂದೆ ಉಂಟು.

ಹಿನ್ನೆಲೆ

ಅಕ್ಕ ಮಣ್ಣಿನ ಕೆಲಸದವರು. ವಯಸ್ಸು ನಲವತ್ತು ದಾಟಿದೆ. ಅವರ ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದವರು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಮಣ್ಣು ಅದಕ್ಕೆ ಒದಗಿ ಬಂತು. ಆಮೇಲೆ ಬೇರೆಯವರ ಕಾರ್ಖಾನೆಗಳೂ ಎದ್ದವು. ತಾರಸಿ ಮನೆಗಳು ಜಾಸ್ತಿಯಾದ ಹಾಗೆ ಒಂದೊಂದಾಗಿ ಮುಚ್ಚುತ್ತಾ ಬಂದವು. ಅಕ್ಕನ ಅಪ್ಪ ಇದ್ದ ಕಾರ್ಖಾನೆಯೂ ಮುಚ್ಚಿತು.

ಅಪ್ಪನ ಕೆಲಸ ಸುಟ್ಟ ಹಂಚುಗಳನ್ನು ಬೇರೆ ಮಾಡುವುದು. ಬೆರಳ ಗೆಣ್ಣಿನಲ್ಲಿ ಒಂದೇ ಸಲ ತಟ್ಟಿ ನೋಡುತ್ತಿದ್ದರಂತೆ. ಚೆನ್ನಾಗಿ ಬೆಂದ, ಬಿರುಕಿಲ್ಲದ ಹಂಚು ಠಣ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಸದ್ದು ದಬ್ ಅಂತ ಮೊದ್ದಾಗುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಾವೆಲ್ಲ ಮಾಡುವುದೂ ಅದನ್ನೇ, ಅಲ್ವಾ? ಈ ತಟ್ಟುವಿಕೆ ಮುಂದೆ ಬರುತ್ತದೆ.

ಅಕ್ಕ ಮೂರು ವರ್ಷ ಒಂದೇ ಕೆಲಸದ ಹಿಂದೆ ಇದ್ದರು. ನಮ್ಮ ಕಡೆ ಉಪ್ಪಿನಕಾಯಿ, ಉಪ್ಪುನೀರಿನ ಮಾವಿನಕಾಯಿ, ಹಲಸಿನ ಸೊಳೆ ಹಾಕಿಡುವ ಭರಣಿ ಇದೆಯಲ್ಲ, ಅದನ್ನು ದೊಡ್ಡದಾಗಿ, ಒಂದೂವರೆ ಅಡಿ ಎತ್ತರಕ್ಕೆ ಮಾಡುವುದು. ಹೊರಗಿಂದ ತರಿಸಿದ ಮಣ್ಣಿಗೆ ಹಂಚಿನ ಮಣ್ಣನ್ನು ಸ್ವಲ್ಪ ಸ್ವಲ್ಪ ಬೆರೆಸಿ, ಎಷ್ಟು ಬೆರೆಸಿದರೆ ಹೆಚ್ಚಿನ ಬಿಸಿ ತಡೆಯುತ್ತದೆ ಅಂತ ಹುಡುಕುತ್ತಾ ಹೋದರು. ಕೊನೆಗೆ ಹದ ಸಿಕ್ಕಿತು. ಒಬ್ಬ ಚಿತ್ರಕಾರ ಗೆಳೆಯರ ಜೊತೆ ಸೇರಿ ಪ್ರದರ್ಶನ ಇಡುವುದೆಂದು ನಿಶ್ಚಯವಾಯಿತು. ಹಾಲ್ ಬಾಡಿಗೆ ಇಬ್ಬರದೂ ಅರ್ಧ ಅರ್ಧ. ನಾಲ್ಕು ಭರಣಿ ಮಧ್ಯದಲ್ಲಿ, ಸುತ್ತ ಗೋಡೆಯಲ್ಲಿ ಚಿತ್ರಗಳು.

ತಿಂಗಳು ಆಗಸ್ಟ್. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ದಪ್ಪ ಗೋಡೆಯ ಭರಣಿ ಎಲ್ಲಿ ಒಣಗಬೇಕು? ಹಸಿ ಉಳಿದರೆ ಒಳಗಿನ ನೀರು ಆವಿಯಾಗಿ ಪಾತ್ರೆಯನ್ನೇ ಸಿಡಿಸುತ್ತದೆ. ಅದಕ್ಕಾಗಿ ಅಕ್ಕ ಕಾದರು, ಕಾದರು. ಕಿಲ್ನ್‌ನಲ್ಲಿ, ಅಂದರೆ ಕರೆಂಟಿನಲ್ಲಿ ಬಿಸಿಯಾಗುವ, ಮುಚ್ಚಳವಿರುವ ಗೂಡಿನಲ್ಲಿ, ಕೊನೆಯ ಸುಡುವಿಕೆ ಉದ್ಘಾಟನೆಯ ಹೊಸ್ತಿಲಿಗೆ ಬಂದು ನಿಂತಿತು.

ನಾಲ್ಕರಲ್ಲಿ ಮೂರು ಭರಣಿ ಬಿರುಕು ಬಿಟ್ಟವು. ಪ್ರದರ್ಶನ ನಿಂತಿತು. ಅಕ್ಕ ಎರಡು ವರ್ಷ ಮಣ್ಣು ಮುಟ್ಟಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಕರೆಂಟ್ ಹೋಯ್ತು." ಆಗಸ್ಟ್ ತಿಂಗಳ ಮಂಗಳೂರಲ್ಲಿ ಆ ಮಾತನ್ನು ಯಾರು ನಂಬುವುದಿಲ್ಲ ಹೇಳಿ?

ಹನ್ನೊಂದು ಪುಟ

ಕೂಟದಲ್ಲಿ ಮಾತಾಡುತ್ತೇನೆ ಅಂತ ಅಕ್ಕನೇ ಕೇಳಿಕೊಂಡು ಬಂದರು. ವಾರದಲ್ಲಿ ಹನ್ನೊಂದು ಪುಟ ಬರೆದು ತಂದರು. ಓದಲು ಹತ್ತೊಂಬತ್ತು ನಿಮಿಷ ಬೇಕಾಯಿತು. ಎಲ್ಲರಿಗೂ ಬಾಯಿಪಾಠ ಇರುವ ಒಂದು ಪದ್ಯದಿಂದ ಶುರು, ಆಮೇಲೆ ಎಡಿಸನ್ ಮತ್ತು ಬಲ್ಬು, ಆಮೇಲೆ ಸೋಲೇ ಗೆಲುವಿನ ಮೆಟ್ಟಿಲು. ಭರಣಿ ಬಂದದ್ದು ಏಳನೇ ಪುಟದಲ್ಲಿ. ಅಲ್ಲಿದ್ದ ವಾಕ್ಯ ಹೀಗೆ: "ವಿದ್ಯುತ್ ವ್ಯತ್ಯಯದಿಂದಾಗಿ ಕಲಾಕೃತಿಗಳು ಹಾನಿಗೊಳಗಾದವು."

ಮಂಗಳೂರು, ಉಡುಪಿ ಕಡೆಯವರಿಗೆ ಈ ತೊಂದರೆ ಸ್ವಲ್ಪ ಜಾಸ್ತಿಯೇ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಇರುತ್ತದೆ. ಕನ್ನಡ ನಮಗೆ ಶಾಲೆಯಿಂದ, ಪುಸ್ತಕದಿಂದ ಬಂದದ್ದು. ಅದು ಚಂದದ ಕನ್ನಡವೇ, ಅದರ ಬಗ್ಗೆ ನನಗೆ ಪ್ರೀತಿಯೇ ಇದೆ. ಆದರೆ ಕೈಯಲ್ಲಿ ಮೈಕ್ ಬಂದ ಕೂಡಲೇ ಬಾಯಲ್ಲಿ ಪಾಠಪುಸ್ತಕ ಬರುತ್ತದೆ. ವೈಫಲ್ಯ, ಸಂಘರ್ಷ, ಆತ್ಮಾವಲೋಕನ. ಈ ಶಬ್ದಗಳ ಹಿಂದೆ ಮನುಷ್ಯರು ಆರಾಮವಾಗಿ ಅಡಗಿ ಕೂರಬಹುದು.

ಅಕ್ಕನ ಬರಹದಲ್ಲಿ ಒಂದು ಕಡೆ "ಕಿಲ್ನ್ ತೆರೆಯಲ್ಪಟ್ಟಾಗ" ಎಂದಿತ್ತು. ಮಾತಾಡುವಾಗ ಯಾರೂ ಹಾಗೆ ಹೇಳುವುದಿಲ್ಲ. ಆ ಶಬ್ದದ ಕೆಳಗೆ ನಾನು ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಭಾಷೆ ಸರಳ ಮಾಡಿ ಅಂತ ಹೇಳಲಿಕ್ಕೆ ಮಾತ್ರ. ಅದರೊಳಗೆ ಇಡೀ ಸಂಗತಿಯೇ ಕೂತಿದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಇಪ್ಪತ್ತು ಚಿತ್ರ

ಬರಹ ಬಿಟ್ಟು ಚಿತ್ರಗಳ ದಾರಿ ಹಿಡಿದೆವು. 2003ರಲ್ಲಿ ಟೋಕಿಯೋದಲ್ಲಿ ಇಬ್ಬರು ವಾಸ್ತುಶಿಲ್ಪಿಗಳು ಶುರು ಮಾಡಿದ ಪೆಚಾಕುಚಾ ಎಂಬ ಕ್ರಮ ಉಂಟು. ಇಪ್ಪತ್ತು ಚಿತ್ರ, ಒಂದೊಂದಕ್ಕೆ ಇಪ್ಪತ್ತು ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. ಚಿತ್ರ ತಾನಾಗಿ ಮುಂದೆ ಹೋಗುತ್ತದೆ, ಮಾತಾಡುವವರು ಅದರ ಜೊತೆ ಹೋಗಬೇಕು. ಜಾಸ್ತಿ ಮಾತಾಡುವವರನ್ನು ಹಿಡಿದು ನಿಲ್ಲಿಸಲು ಒಳ್ಳೆಯ ಉಪಾಯ.

ಅಕ್ಕನಿಗೆ ಅದು ಒಗ್ಗಲಿಲ್ಲ. ಒಂದು ಸಂಗತಿ ಹೇಳಿ ಮುಗಿಸುವ ಮೊದಲೇ ಚಿತ್ರ ಬದಲಾಗುತ್ತಿತ್ತು. ಅವರು "ಅಯ್ಯೋ" ಎಂದು ಮುಂದಿನದಕ್ಕೆ ಓಡುತ್ತಿದ್ದರು. ಮಣ್ಣಿನವರ ಲಯವೇ ಬೇರೆ. ಆದರೂ ಈ ಪ್ರಯತ್ನ ದಂಡವಾಗಲಿಲ್ಲ.

ಹದಿಮೂರನೇ ಚಿತ್ರ ಕಿಲ್ನ್‌ನ ಡಿಸ್‌ಪ್ಲೇಯದ್ದು. ಬೆಳಗಿನ ಜಾವ ನಾಲ್ಕು ಗಂಟೆಗೆ ಮೊಬೈಲ್‌ನಲ್ಲಿ ತೆಗೆದದ್ದು, ಸಮಯ ಅದರಲ್ಲೇ ಇತ್ತು. ಅಂಕಿ 1,200 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ, ಏರಬೇಕಾದಷ್ಟು ಬಿಸಿ. ಅಂದರೆ ಸುಡುವ ಕೆಲಸ ಆಗಲೇ ಮುಗಿದಿತ್ತು. ನಾನು ಅಷ್ಟರಲ್ಲಿ ಈ ಕೆಲಸದ ಬಗ್ಗೆ ಅಲ್ಪಸ್ವಲ್ಪ ಕೇಳಿ ತಿಳಿದುಕೊಂಡಿದ್ದೆ. ಬಿಸಿ ಪೂರ್ತಿ ಏರಿದ ಮೇಲೆ ಕಿಲ್ನ್ ಆಫ್ ಮಾಡಿ ಸುಮ್ನೆ ಬಿಡಬೇಕು, ಅದು ತನ್ನಷ್ಟಕ್ಕೆ ತಣಿಯಬೇಕು. ಆಮೇಲೆ ಕರೆಂಟ್ ಇದ್ದರೂ ಒಂದೇ, ಹೋದರೂ ಒಂದೇ.

ಅಕ್ಕನ ಮನೆಯ ಜಗಲಿಯಲ್ಲಿ ಕೂತಿದ್ದೆವು. ಅನುಮಾನದಿಂದ ಕೇಳಿದ್ದಲ್ಲ, ಚಿತ್ರಗಳ ಕ್ರಮ ಸರಿ ಮಾಡಲು ಕೇಳಿದೆ:

"ಅಕ್ಕ, ಕರೆಂಟ್ ಹೋದದ್ದು ಎಷ್ಟು ಗಂಟೆಗೆ? ಇದರ ಮೊದಲಾ, ನಂತರವಾ?"

ಅವರು ಚಾ ಲೋಟವನ್ನು ನೆಲದ ಮೇಲಿಟ್ಟರು. ಸ್ವಲ್ಪ ಆಚೆ ಸರಿಸಿದರು. ಮತ್ತೆ ಈಚೆ ತಂದರು.

"ಕರೆಂಟ್ ಹೋಗ್ಲೇ ಇಲ್ಲ ಮಾರಾಯ. ಮುಚ್ಚಳ ನಾನೇ ತೆಗ್ದದ್ದು."

ಆಮೇಲೆ ಎಲ್ಲ ಹೇಳಿದರು. ಮರುದಿನ ಬೆಳಿಗ್ಗೆ ಭರಣಿ ಸಾಗಿಸಲು ಗಾಡಿ ಬರುವುದಿತ್ತು. ರಾತ್ರಿ ಒಂಬತ್ತಕ್ಕೆ ಡಿಸ್‌ಪ್ಲೇ 340 ತೋರಿಸುತ್ತಿತ್ತು. ನೂರಕ್ಕಿಂತ ಕೆಳಗೆ ಇಳಿಯುವ ತನಕ ಕಾಯಬೇಕು ಎಂದು ಅವರಿಗೆ ಗೊತ್ತು. ಇಪ್ಪತ್ತು ವರ್ಷದ ಅನುಭವ. ಜೊತೆಗಿದ್ದ ಸಹಾಯಕಿ ಹುಡುಗಿಯೂ ಹೇಳಿದಳಂತೆ: "ಅಕ್ಕ, ಇನ್ನೂ ಬಿಸಿ ಉಂಟು." ಇವರು ಕೈಗವಸು ಹಾಕಿ ಮುಚ್ಚಳವನ್ನು ನಾಲ್ಕು ಬೆರಳಿನಷ್ಟು ಎತ್ತಿದರು. ಇಟ್ಟಿಗೆಯ ಚೂರೊಂದು ಸಿಕ್ಕಿಸಿ ಕೆಳಗೆ ಕೂತರು.

ದಪ್ಪ ಪಾತ್ರೆಗೆ ತಣ್ಣನೆ ಗಾಳಿ ತಾಗಿದರೆ ಹೊರಮೈ ಬೇಗ ಕುಗ್ಗುತ್ತದೆ, ಒಳಮೈ ಇನ್ನೂ ಬಿಸಿಯಾಗಿಯೇ ಇರುತ್ತದೆ. ಆ ಎಳೆದಾಟದಲ್ಲಿ ಗೋಡೆ ಸೀಳುತ್ತದೆ. ಸೀಳುವಾಗ ಟಿಣ್ ಅಂತ ಸಣ್ಣ ಸದ್ದು. ಸ್ಟೀಲ್ ಲೋಟಕ್ಕೆ ಉಗುರು ತಾಗಿದ ಹಾಗೆ. ಅಕ್ಕ ಮೂರು ಸಲ ಕೇಳಿದರು. ಮೊದಲನೆಯದಕ್ಕೇ ಮುಚ್ಚಳ ಹಾಕಬಹುದಿತ್ತು. ಹಾಕಲಿಲ್ಲ. "ಕೈ ಏಳ್ಲಿಲ್ಲ" ಅಂದರು.

ನನ್ನ ಮೊದಲ ತಪ್ಪು

ನಾನು ಅಲ್ಲೇ ಹೇಳಿದೆ, "ಅಕ್ಕ, ಇದನ್ನೇ ಹೇಳಿ. ಇದೇ ನಿಮ್ಮ ಮಾತು."

ಹೇಳಿದ್ದು ಸರಿಯೇ ಇರಬಹುದು, ಹೇಳಿದ ಹೊತ್ತು ತಪ್ಪು. ಎರಡು ವರ್ಷ ಹೊತ್ತ ಭಾರವನ್ನು ಅವರು ಇಳಿಸಿ ಒಂದು ನಿಮಿಷವೂ ಆಗಿರಲಿಲ್ಲ. ನನ್ನ ಮನಸ್ಸು ಆಗಲೇ ಮಹಡಿಯ ಮೈಕ್ ಹತ್ತಿರ ಓಡಿತ್ತು. ಒಳ್ಳೆಯ ಕಥೆ ಸಿಕ್ಕಿತೆಂಬ ಖುಷಿ ನನ್ನ ಮುಖದಲ್ಲಿ ಅವರಿಗೆ ಕಂಡಿರಬೇಕು. ಅವರು ಲೋಟ ತೆಗೆದುಕೊಂಡು ಒಳಗೆ ಹೋದರು. ಮೂರು ವಾರ ಫೋನ್ ಎತ್ತಲಿಲ್ಲ. ಆ ತಿಂಗಳ ಕೂಟ ಅವರಿಲ್ಲದೆ ಮುಗಿಯಿತು.

ಆ ಮೂರು ವಾರದಲ್ಲಿ ಅಕ್ಕ ಎರಡು ಕೆಲಸ ಮಾಡಿದ್ದರು. ನನಗೆ ಆಮೇಲೆ ಗೊತ್ತಾಯಿತು. ಇಡೀ ಪ್ರಕರಣದ ತಿರುವು ನನ್ನ ಮಟ್ಟಿಗೆ ಇದೇ.

ಒಂದು, ಸಹಾಯಕಿಯ ಮನೆಗೆ ಹೋದರು. ಆ ಹುಡುಗಿ ಎರಡು ವರ್ಷ ಎಲ್ಲರೆದುರು ಕರೆಂಟಿನ ಮಾತಿಗೆ ತಲೆಯಾಡಿಸಿದ್ದಳು. ಅಕ್ಕ ಹಾಗೆ ಹೇಳು ಅಂತ ಯಾವತ್ತೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಂಬಳ ಕೊಡುವವರ ಸುಳ್ಳಿಗೆ ಎದುರು ಮಾತಾಡಲು ಎಷ್ಟು ಜನರಿಗೆ ಆಗುತ್ತದೆ? ಅಕ್ಕ ಕ್ಷಮೆ ಕೇಳಿದರು. ಅವಳು ಕೇಳಿದ್ದು ಒಂದೇ, "ನನ್ನ ಹೆಸರು ಮೈಕಲ್ಲಿ ಬೇಡ ಅಕ್ಕ."

ಎರಡು, ಚಿತ್ರಕಾರ ಗೆಳೆಯರಿಗೆ ಫೋನ್ ಮಾಡಿದರು. ಅವರು ಪೂರ್ತಿ ಕೇಳಿಸಿಕೊಂಡರು. "ನನ್ನ ಅರ್ಧ ಬಾಡಿಗೆಯ ಮಾತಲ್ಲ ಇದು" ಎಂದರು. ಫೋನ್ ಇಟ್ಟರು. ಅಷ್ಟೇ.

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಮಾತಾಡುವವರ ಧೈರ್ಯ, ಕೇಳುವವರ ಮೌನ, ಚಪ್ಪಾಳೆ, ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಒಬ್ಬರ ಸೋಲಿನೊಳಗೆ ಇನ್ನೂ ಇಬ್ಬರು ಮೂವರು ಸಿಕ್ಕಿಹಾಕಿಕೊಂಡಿರುತ್ತಾರೆ. ಗೆಳೆಯರು ಆ ಸತ್ಯವನ್ನು ನಲವತ್ತು ಜನರ ನಡುವೆ ಕೂತು ಮೊದಲ ಸಲ ಕೇಳಿದ್ದರೆ? ಅದು ಅವರಿಗೆ ಎರಡನೇ ಪೆಟ್ಟಾಗುತ್ತಿತ್ತು.

ಐದು ಪದ್ಯ

ಮತ್ತೆ ಕೂತಾಗ ಕಾಗದವೂ ಬೇಡ, ಚಿತ್ರವೂ ಬೇಡ ಅಂದರು ಅಕ್ಕ. ಹಾಗಾದರೆ ದಾರಿ ತಪ್ಪದೆ ಏಳು ನಿಮಿಷ ಹೇಗೆ? ಉತ್ತರ ನಮ್ಮ ಊರಲ್ಲೇ ಇತ್ತು. ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನವೇ ತಾಳಮದ್ದಳೆ. ಅದರಲ್ಲಿ ಭಾಗವತರು ಹಾಡುವ ಪದ್ಯ ಮೊದಲೇ ಬರೆದಿಟ್ಟದ್ದು, ಅದು ಬದಲಾಗುವುದಿಲ್ಲ. ಪದ್ಯ ಮುಗಿದ ಮೇಲೆ ಅರ್ಥಧಾರಿ ಹೇಳುವ ಅರ್ಥ ಮಾತ್ರ ಅಲ್ಲೇ ಹುಟ್ಟುವುದು. ಮುಂದಿನ ಪದ್ಯ ಯಾವುದೆಂದು ಗೊತ್ತಿರುವುದರಿಂದ ಎಷ್ಟು ದೂರ ಹೋದರೂ ವಾಪಸ್ ಬರಬಹುದು.

ಹಾಗೆಯೇ ಐದು ಸಾಲು ಗಟ್ಟಿ ಮಾಡಿಕೊಂಡೆವು. ಅಪ್ಪ ಹಂಚು ತಟ್ಟುತ್ತಿದ್ದರು. ನನಗೆ ದೊಡ್ಡ ಭರಣಿ ಮಾಡಬೇಕಿತ್ತು. ರಾತ್ರಿ ಒಂಬತ್ತಕ್ಕೆ 340 ಇತ್ತು. ಮುಚ್ಚಳ ನಾನೇ ತೆಗೆದೆ. ಎರಡು ವರ್ಷ ಕರೆಂಟ್ ಹೋಯ್ತು ಎಂದೆ. ಇಷ್ಟೇ. ಇವುಗಳ ನಡುವಿನ ಮಾತು ಪ್ರತಿ ಸಲ ಹೇಗೆ ಬಂದರೆ ಹಾಗೆ. ಅಭ್ಯಾಸದಲ್ಲಿ ಒಮ್ಮೆ ಐದು ನಿಮಿಷ, ಒಮ್ಮೆ ಎಂಟು. ನನಗೆ ಬಿಗಿ ಮಾಡುವ ಆಸೆಯಾಯಿತು, ಕೈ ಕಟ್ಟಿ ಕೂತೆ.

ಇಲ್ಲಿ ನನ್ನ ಎರಡನೇ ತಪ್ಪು. ಐದನೇ ಸಾಲಿನ ಮೇಲೆ ಮಾತು ನಿಂತುಬಿಡುವುದು ನನಗೆ ಸರಿ ಕಾಣಲಿಲ್ಲ. "ಕೊನೆಗೆ ಒಂದು ಒಳ್ಳೆಯದು ಬೇಕಲ್ಲ ಅಕ್ಕ. ಈಗ ಪುನಃ ಶುರು ಮಾಡಿದ್ದೇನೆ ಅಂತ?" ಎಂದೆ. ಅವರು ಶುರು ಮಾಡಿರಲಿಲ್ಲ. ನನ್ನ ಮಾತಿಗಾಗಿ ತಿಗರಿಯ ಮುಂದೆ ಕೂತರು. ನಾಲ್ಕು ದಿನ ಕಪ್ ಮಾಡಲು ನೋಡಿದರು. ಒಂದೂ ನಿಲ್ಲಲಿಲ್ಲ. ಐದನೇ ದಿನ ಫೋನ್ ಮಾಡಿ, "ಕೊನೆ ಇಲ್ಲ ಅಂತಲೇ ಹೇಳ್ತೇನೆ, ಆಗುದಿಲ್ಲವಾ?" ಎಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಒಂದು ಸುಳ್ಳಿನಿಂದ ಆಗ ತಾನೇ ಹೊರಗೆ ಬಂದವರ ಕೈಗೆ ನಾನು ಇನ್ನೊಂದು ಕೊಡಲು ಹೊರಟಿದ್ದೆ.

ಆ ಸಂಜೆ

ನವೆಂಬರ್. ಮೂವತ್ತರಷ್ಟು ಜನ. ಮೇಜಿನ ಮೇಲೆ ತೆಂಗಿನ ನಾರಿನ ಎರಡು ಸಿಂಬೆ, ಅವುಗಳ ಮೇಲೆ ಎರಡು ಭರಣಿ. ಒಂದು ಬಿರುಕು ಬಿಟ್ಟದ್ದು, ಒಂದು ಉಳಿದದ್ದು. ಬರೀ ಮೇಜಿನ ಮೇಲಿಟ್ಟರೆ ಮೇಜಿನ ಸದ್ದೂ ಸೇರುತ್ತದೆ ಎಂದು ಸಿಂಬೆ ತಂದದ್ದು ಅಕ್ಕನೇ. ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ ಭರಣಿಯ ಬಾಯಿಯ ಹತ್ತಿರ ಇಟ್ಟೆವು.

ಬಂದವರೇ ಮಾತಾಡಲಿಲ್ಲ. ಗೆಣ್ಣು ಮಡಚಿ ಒಂದನ್ನು ತಟ್ಟಿದರು. ಠಣ್. ಇನ್ನೊಂದನ್ನು ತಟ್ಟಿದರು. ದಬ್. ಬಿರುಕು ಹಿಂದಿನ ಬದಿಯಲ್ಲಿತ್ತು. ಎದುರಿಂದ ನೋಡಿದರೆ ಎರಡೂ ಒಂದೇ. ಆಮೇಲೆ "ನನ್ನ ಅಪ್ಪ ಹಂಚು ತಟ್ಟುತ್ತಿದ್ದರು" ಎಂದು ಶುರು ಮಾಡಿದರು.

ಮೂರನೇ ಸಾಲಿನ ತನಕ ಸಲೀಸಾಗಿ ಹೋಯಿತು. ನಾಲ್ಕನೆಯದರ ಬಾಗಿಲಲ್ಲಿ ನಿಂತರು. "ಆಗ ಮುಚ್ಚಳ..." ಎಂದು ನಿಲ್ಲಿಸಿ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಸಣ್ಣಗೆ ತುಳುವಿನಲ್ಲಿ "ಎನ್ನ ಕೈಟ್ ಆಪುಜಿ" ಎಂದರು. ನನ್ನ ಕೈಯಿಂದ ಆಗುವುದಿಲ್ಲ. ಮಾತಿನ ನಡುವೆ ಚಪ್ಪಾಳೆ ಬೇಡ, ಯಾರಾದರೂ ನಿಂತರೆ ಕಾಯಿರಿ ಎಂದು ನಾವು ಮೊದಲೇ ಹೇಳಿರುತ್ತೇವೆ. ಜನ ಕಾದರು. ಫ್ಯಾನ್ ಸದ್ದು ಕೇಳುತ್ತಿತ್ತು. ನಾನು ಎದ್ದು ನೀರು ಕೊಡಲೇ ಅಂತ ನೋಡಿದೆ. ಕೊಟ್ಟಿದ್ದರೆ ಅದನ್ನು ಕುಡಿದು ಅವರು ಕೂತುಬಿಡುತ್ತಿದ್ದರು ಎಂದು ಈಗಲೂ ನನಗೆ ಅನ್ನಿಸುತ್ತದೆ.

"ಮುಚ್ಚಳ ನಾನೇ ತೆಗೆದೆ," ಎಂದರು ಅಕ್ಕ. ಉಳಿದದ್ದು ಒಂದೂವರೆ ನಿಮಿಷದಲ್ಲಿ ಮುಗಿಯಿತು. ಕೊನೆಯ ಸಾಲು ಹೇಳಿ, ಪುನಃ ಶುರು ಮಾಡಲು ಆಗಿಲ್ಲ, ಆಗುತ್ತದೋ ಗೊತ್ತಿಲ್ಲ ಎಂದು ಹೇಳಿ ಕೂತರು.

ನಾವು ಬದಲಿಸಿದ್ದು

ಅಂದಿನಿಂದ ಯಾರ ಬರಹ ಬಂದರೂ ನಾನು ಮೊದಲು ಕ್ರಿಯಾಪದಗಳನ್ನು ನೋಡುತ್ತೇನೆ. ಆಗಿಹೋಯಿತು, ನಿಂತುಹೋಯಿತು, ಕೈತಪ್ಪಿತು. ಯಾರು ಮಾಡಿದ್ದೆಂದು ಹೇಳದ ಕ್ರಿಯಾಪದ ಸಿಕ್ಕಿದರೆ ಅಲ್ಲಿ ನಿಲ್ಲುತ್ತೇನೆ. ಎಲ್ಲ ಸಲವೂ ಅಲ್ಲಿ ಗುಟ್ಟಿರುವುದಿಲ್ಲ. ಕೆಲವು ಸಲ ನಿಜವಾಗಿಯೂ ಕರೆಂಟೇ ಹೋಗಿರುತ್ತದೆ, ಯಾರ ತಪ್ಪೂ ಇರುವುದಿಲ್ಲ. ಅಂಥವರ ಮೇಲೆ ತಪ್ಪು ಹೊರಿಸಿ ಮಾತಿಗೆ ಕಳೆ ತರಲು ಹೋಗಬಾರದು. ಆದರೆ ಕೇಳಬೇಕು, ಕೇಳಿ ಸುಮ್ಮನಾಗಬೇಕು. ಉತ್ತರ ಬಂದರೆ ಅದನ್ನು ಮೈಕಿಗೆ ಒಯ್ಯುವ ಮಾತನ್ನು ನಾನು ಎತ್ತುವುದಿಲ್ಲ. ಅದು ಅವರ ಕಡೆಯಿಂದಲೇ ಬರಬೇಕು.

ಇನ್ನೊಂದು, ನಿಮ್ಮ ಮಾತಿನಲ್ಲಿ ಬೇರೆ ಯಾರಿದ್ದಾರೆ, ಅವರಿಗೆ ಹೇಳಿದ್ದೀರಾ ಎಂದು ಕೇಳುತ್ತೇವೆ. ಇದರಿಂದ ಎರಡು ಮಾತುಗಳು ನಿಂತೇಹೋದವು. ಒಬ್ಬರು ತಂಡದವರಿಗೆ ಹೇಳಲು ಒಪ್ಪಲಿಲ್ಲ, ಇನ್ನೊಬ್ಬರು ಯಾರಿಗೆ ಹೇಳಬೇಕಿತ್ತೋ ಅವರು ಈಗ ಇಲ್ಲ. ಎರಡನೆಯವರದ್ದು ನೆನೆದರೆ ನನಗೆ ಈಗಲೂ ಬೇಸರ. ನಿಲ್ಲಿಸಿದ್ದು ಸರಿಯಾ ಎಂಬುದು ನಮ್ಮ ಮೂವರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಕ್ಕನ ಮಾತಿನ ರೆಕಾರ್ಡಿಂಗ್ ಯಾರಿಗೂ ಕಳಿಸಿಲ್ಲ. ಸಹಾಯಕಿಗೆ ಅದು ಇಷ್ಟವಿಲ್ಲ, ಅಷ್ಟು ಸಾಕು.

ಒಳ್ಳೆಯ ಕೊನೆ ಬೇಕೆಂದು ಈಗ ಯಾರಿಗೂ ಹೇಳುವುದಿಲ್ಲ. ಬಂದವರಲ್ಲಿ ಹೆಚ್ಚಿನವರು ಏನಾದರೂ ಮಾಡುವವರೇ. ಅವರವರ ಮನೆಯಲ್ಲಿ ಅರ್ಧಕ್ಕೆ ನಿಂತ ಕೆಲಸ ಇದ್ದೇ ಇರುತ್ತದೆ. ಅಕ್ಕನ ಮಾತು ಕೇಳಿ ವಾರದೊಳಗೆ ಹಾಡುವವರೊಬ್ಬರು ಫೋನ್ ಮಾಡಿದರು. ಮುಂದಿನ ತಿಂಗಳಿಗೆ ಅವರ ಮಾತು ತಯಾರಾಗಿತ್ತು. "ಅದನ್ನು ಬದಲಿಸಬೇಕು. ನನ್ನದರಲ್ಲೂ ಒಂದು ಕರೆಂಟ್ ಉಂಟು" ಎಂದರು. ಈಗ ನಮ್ಮ ಕೂಟದಲ್ಲಿ ಅದೇ ಶಬ್ದ ಬಳಕೆಗೆ ಬಂದಿದೆ.

ಅಕ್ಕ ಜನವರಿಯಲ್ಲಿ ಸಣ್ಣ ಬಟ್ಟಲುಗಳನ್ನು ಸುಟ್ಟರು. ಭರಣಿಗೆ ಇನ್ನೂ ಕೈ ಹಾಕಿಲ್ಲ. ಸಹಾಯಕಿ ವಾರಕ್ಕೆ ಮೂರು ದಿನ ಬರುತ್ತಾಳೆ. ಚಿತ್ರಕಾರ ಗೆಳೆಯರು ಆ ಸಂಜೆಗೂ ಬರಲಿಲ್ಲ, ಆಮೇಲೆ ಫೋನೂ ಮಾಡಲಿಲ್ಲ. ಕೂಟ ಮುಗಿದ ಮರುವಾರ ಅಕ್ಕ ಉಳಿದ ಆ ಒಂದು ಭರಣಿಯನ್ನು ಒಣಹುಲ್ಲಿನಲ್ಲಿ ಸುತ್ತಿ, ಆಟೋದಲ್ಲಿ ಅವರ ಮನೆಗೆ ಕಳಿಸಿದರು. ಚೀಟಿ ಏನೂ ಇಡಲಿಲ್ಲ. ಅದು ವಾಪಸ್ ಬಂದಿಲ್ಲ.